ಅಲಾಸ್ಕದಲ್ಲಿ ರಾಫ್ಟ್ ಮೇಲೆ ಮೂಸ್ ಬೇಟೆ: ಮೂರು ಜನ, ಒಂದು ರಾಫ್ಟ್, ಎರಡು ಮೂಸ್. ಆಗುತ್ತಾ?

ಕಕ್ಕಬ್ಬೆ_ಹುಡುಗ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮುಂದಿನ ಸೆಪ್ಟೆಂಬರ್‌ಗೆ ಅಲಾಸ್ಕಕ್ಕೆ ಮೂಸ್ (ಅಲ್ಲಿನ ದೈತ್ಯ ಜಿಂಕೆ) ಬೇಟೆಗೆ ಹೋಗೋಣ ಅಂತ ಮೂರು ಜನ ಲೆಕ್ಕ ಹಾಕ್ತಿದ್ದೀವಿ. ನಾನಿರೋದು ಸಿಯಾಟಲ್ ಹತ್ತಿರ, ಸಿಟಿಜನ್ ಆಗಿ ಆರು ವರ್ಷ ಆಯ್ತು. ಭಾವನಿಗೆ ಗ್ರೀನ್ ಕಾರ್ಡ್ ಇದೆ. ಮೂರನೆಯವನು ಹಾಸನದ ಗೆಳೆಯ, ಇನ್ನೂ ಎಚ್-1ಬಿ ವೀಸಾ. ಇಲ್ಲಿ ಎರಡು ಸಲ ಜಿಂಕೆ ಹೊಡೆದಿದ್ದೀನಿ. ಅವರಿಬ್ಬರಿಗೆ ಅದೂ ಇಲ್ಲ.

ಪ್ಲಾನ್ ಹೀಗಿದೆ. ಫೇರ್‌ಬ್ಯಾಂಕ್ಸ್‌ನಿಂದ ಚಿಕ್ಕ ವಿಮಾನದಲ್ಲಿ ಹೋಗಿ ಕೊಯುಕುಕ್ ನದಿಯ ಕೆಳಭಾಗದಲ್ಲಿ ಒಂದು ಮರಳುದಿಣ್ಣೆ ಮೇಲೆ ಇಳಿಯೋದು. 14 ಅಡಿ ರಾಫ್ಟ್ ಬಾಡಿಗೆಗೆ. ದಿನಕ್ಕೆ 25 ಕಿ.ಮೀ. ತೇಲಿಕೊಂಡು 10 ದಿನ, ಕೆಳಗೆ ಯಾವುದಾದ್ರೂ ಹಳ್ಳಿ ಸಿಕ್ಕಿದ್ರೆ ಅಲ್ಲಿಂದ ವಾಪಸ್. ಎರಡು ಮೂಸ್.

ನಮ್ಮನೇಲಿ ಕೈಲ್‌ಪೊಳ್ದ್ (ಕೊಡಗಿನ ಆಯುಧ ಪೂಜೆ ಹಬ್ಬ) ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಅಜ್ಜನ ಬೇಟೆ ಕಥೆ ಕೇಳಿ ಬೆಳೆದೆ, ಆದ್ರೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹುಟ್ಟಿದ ನಾವು ಊರ ಕಾಡಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ಸೆಪ್ಟೆಂಬರ್ 3ಕ್ಕೆ ಪೂಜೆ, ಅಲಾಸ್ಕದ ಎಷ್ಟೋ ಕಡೆ 5ಕ್ಕೆ ಸೀಸನ್ ಶುರು. ದೇವರೇ ಡೇಟ್ ಕೊಟ್ಟ ಹಾಗಿದೆ. ಯಾವ ಕೋವಿ, ಯಾವ ರಾಫ್ಟ್ ಒಳ್ಳೇದು, ಗೊತ್ತಿರೋರು ಹೇಳಿ.

ದಾಂಡೇಲಿ_ಡೇಸ್ | ಶನಿವಾರ ರಾತ್ರಿ 9:52

ಕಾಳಿ ನದೀಲಿ ರಾಫ್ಟಿಂಗ್ ಮಾಡಿದೀನಿ, ಏನೂ ಕಷ್ಟ ಇಲ್ಲ ಗುರು. ಹೆಲ್ಮೆಟ್ ಹಾಕ್ಕೊಂಡು ಕೂತ್ರೆ ಆಯ್ತು.

ಕಳಸ_ಕಾಫಿ | ಶನಿವಾರ ರಾತ್ರಿ 10:05

ದಾಂಡೇಲಿಯವರೇ, ಅಲ್ಲಿ ಮೇಲ್ಗಡೆ ಡ್ಯಾಮು, ಹಿಂದ್ಗಡೆ ಗೈಡು, ಕೆಳಗಡೆ ಜೀಪು. ಇಳಿದ ತಕ್ಷಣ ಬಿಸಿ ಚಿತ್ರಾನ್ನ. ಅಲಾಸ್ಕದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ.

ಉಪ್ಪಿನಂಗಡಿ_ಟು_ಆಂಕರೇಜ್ | ಶನಿವಾರ ರಾತ್ರಿ 11:20

ಕೋವಿ ಯಾವುದು ಅಂತ ಆಮೇಲೆ ನೋಡುವ ಮಾರಾಯ್ರೆ. ಮೊದಲು ತೂಕದ ಲೆಕ್ಕ ಮಾಡಿ. ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಐದು ಸಲ ನದಿಯಲ್ಲಿ ಹೋಗಿದ್ದೇನೆ. ಮೂಸ್ ಸಿಕ್ಕಿದ್ದು ಎರಡೇ ಸಲ. ಸಿಗದ ಮೂರು ಸಲ ಆರಾಮ ಇತ್ತು, ಸಿಕ್ಕಿದ ಎರಡು ಸಲ ಸೊಂಟ ಹೋಯ್ತು.

ಅಲಾಸ್ಕದ ದೊಡ್ಡ ಗಂಡು 1,600 ಪೌಂಡ್ ತೂಗುವುದುಂಟು. ಅಂಥದ್ದರ ಚರ್ಮ, ಕರುಳು ತೆಗೆದರೆ 950. ಎಲುಬು ಬಿಡಿಸಿದರೆ 500 ಪೌಂಡ್, ಅಂದರೆ ಸುಮಾರು 225 ಕಿಲೋ ಬರೀ ಮಾಂಸ. ಆದರೆ ಹಲವು ಯೂನಿಟ್‌ಗಳಲ್ಲಿ (ಅಂದರೆ ಬೇಟೆ ವಲಯಗಳಲ್ಲಿ) ನಾಲ್ಕು ಕಾಲು, ಪಕ್ಕೆಲುಬು ಇವುಗಳ ಮಾಂಸವನ್ನು ಕಾಡಿನಿಂದ ಹೊರಗೆ ತರುವವರೆಗೆ ಎಲುಬಿನಿಂದ ಬಿಡಿಸುವ ಹಾಗಿಲ್ಲ. ಅಲ್ಲಿಗೆ 300 ಕಿಲೋ ಅಂತಲೇ ಹಿಡಿದುಕೊಳ್ಳಿ. ಹಿಂದಿನ ತೊಡೆ ಒಂದೇ 60 ಕಿಲೋ. ಅದನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುವುದು ರಸ್ತೆಯಲ್ಲಲ್ಲ. ಬುಟ್ಟಿ ಬೋರಲು ಹಾಕಿದ ಹಾಗೆ ಎದ್ದು ನಿಂತ ಹುಲ್ಲಿನ ಗುಪ್ಪೆಗಳು, ನಡುವೆ ಮೊಣಕಾಲು ನೀರು. ಗುಪ್ಪೆ ಮೇಲೆ ಕಾಲಿಟ್ಟರೆ ವಾಲುತ್ತದೆ, ನಡುವೆ ಇಟ್ಟರೆ ಹೂತುಹೋಗುತ್ತದೆ. ನದಿಯಿಂದ ಒಂದು ಕಿ.ಮೀ. ಒಳಗೆ ಹೊಡೆದಿರೋ, ಎರಡು ದಿನ ಹೊರುವುದೇ ಕೆಲಸ.

ಈಗ ರಾಫ್ಟ್. ನೀವು ಮೂವರು 240 ಕಿಲೋ, ಸಾಮಾನು ಎಷ್ಟು ಕಡಿಮೆ ಅಂದರೂ 150, ಒಂದು ಮೂಸ್ ಕೊಂಬು ಸಮೇತ 320. ಆಯ್ತಲ್ಲ 710? ಎರಡನೆಯದು ಹಾಕಿದರೆ ಸಾವಿರ ದಾಟಿತು. 14 ಅಡಿ ರಾಫ್ಟ್ ತಕ್ಷಣ ಮುಳುಗಲಿಕ್ಕಿಲ್ಲ, ಆದರೆ ಮುಸುರೆ ಕುಡಿದು ಮಲಗಿದ ಎಮ್ಮೆಯ ಹಾಗೆ, ಎಬ್ಬಿಸಿದರೂ ಏಳುವುದಿಲ್ಲ. ತಿರುವಿನಲ್ಲಿ ನೀವು ಹುಟ್ಟು ಹಾಕಿ ಅದು ತಿರುಗುವಷ್ಟರಲ್ಲಿ ನದಿ ನಿಮ್ಮನ್ನು ಮರದ ಬುಡಕ್ಕೆ ಹಾಕಿ ಆಗಿರುತ್ತದೆ.

ಮತ್ತೆ ವಿಮಾನ. ಬೀವರ್ ಅನ್ನುವ ಹಳೇ ವಿಮಾನವೇ ದೊಡ್ಡದು, ಒಂದು ಟ್ರಿಪ್ಪಿಗೆ ಸುಮಾರು 450 ಕಿಲೋ. ಗಂಟೆ ಲೆಕ್ಕದಲ್ಲಿ ದುಡ್ಡು. ಎರಡನೇ ಮೂಸ್ ಅಂದರೆ ಎರಡನೇ ಪ್ರಾಣಿ ಮಾತ್ರ ಅಲ್ಲ, ಇನ್ನೊಂದು ಟ್ರಿಪ್ ಕೂಡ.

ಕಕ್ಕಬ್ಬೆ_ಹುಡುಗ | ಶನಿವಾರ ರಾತ್ರಿ 11:31

ಅಣ್ಣಾ, ಹೆದರಿಸ್ತಿದ್ದೀರಾ ಇಲ್ಲಾ ಸಹಾಯ ಮಾಡ್ತಿದ್ದೀರಾ?

ಉಪ್ಪಿನಂಗಡಿ_ಟು_ಆಂಕರೇಜ್ | ಶನಿವಾರ ರಾತ್ರಿ 11:33

ಎರಡೂ.

ಫೇರ್‌ಬ್ಯಾಂಕ್ಸ್_ಮಂಡ್ಯ | ಭಾನುವಾರ ಬೆಳಿಗ್ಗೆ 7:15

ತೂಕಕ್ಕಿಂತ ಮುಂಚೆ ನದಿ ಹೆಸರೇ ತಪ್ಪಾಗಿದೆ ಕಣ್ರೀ. ಕೊಯುಕುಕ್ ಕೆಳಭಾಗ ನಿಯಂತ್ರಿತ ಪ್ರದೇಶ. ಅಲ್ಲಿ ಮೂಸ್ ಬೇಟೆಗೆ ವಿಮಾನ ಬಳಸೋ ಹಾಗೇ ಇಲ್ಲ. ಬೇಟೆಗಾರರನ್ನ ಇಳಿಸೋ ಹಾಗಿಲ್ಲ, ಸಾಮಾನು ಸಾಗಿಸೋ ಹಾಗಿಲ್ಲ, ಮಾಂಸ ತರೋ ಹಾಗಿಲ್ಲ. ಮರಳುದಿಣ್ಣೆ ಮೇಲೆ ಇಳಿದ ಕ್ಷಣವೇ ಕೇಸು.

ಕಳಸ_ಕಾಫಿ | ಭಾನುವಾರ ಬೆಳಿಗ್ಗೆ 7:48

ಪೂರ್ತಿ ಹಾಗಲ್ಲ ಅಕ್ಕ. ಸಾರ್ವಜನಿಕ ವಿಮಾನ ನಿಲ್ದಾಣಗಳ ನಡುವೆ ಹಾರಬಹುದು. ಹಳ್ಳಿಯ ಏರ್‌ಸ್ಟ್ರಿಪ್‌ಗೆ ಇಳಿದು ಅಲ್ಲಿಂದ ದೋಣಿಯಲ್ಲಿ ಹೋಗಬಹುದು.

ಫೇರ್‌ಬ್ಯಾಂಕ್ಸ್_ಮಂಡ್ಯ | ಭಾನುವಾರ ಬೆಳಿಗ್ಗೆ 8:02

ಹೌದು, ಅದು ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಇವರ ಪ್ಲಾನ್ ಅದಲ್ವಲ್ಲ.

ಹೊರರಾಜ್ಯದವರಿಗೆ ಒಳ್ಳೊಳ್ಳೆ ಜಾಗಕ್ಕೆಲ್ಲ ಲಾಟರಿ ಪರ್ಮಿಟ್. ಅರ್ಜಿ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ. ರಾಜ್ಯನ 26 ಯೂನಿಟ್ ಮಾಡಿದ್ದಾರೆ, ಒಂದೊಂದರ ಒಳಗೂ ಒಂದೊಂದು ಮೂಲೆಗೆ ಒಂದೊಂದು ನಿಯಮ. ಮೊದಲು ಈ ವರ್ಷದ ನಿಯಮದ ಪುಸ್ತಕ, ಆಮೇಲೆ ಮ್ಯಾಪು, ಆಮೇಲೆ ರಾಫ್ಟು. ನೀವು ತಿರುವುಮುರುವು ಹೊರಟಿದ್ದೀರಿ.

ಇನ್ನೊಂದು. ಚಿಕ್ಕ ವಿಮಾನದಲ್ಲಿ ಇಳಿದ ದಿನ ಹೊಡೆಯೋ ಹಾಗಿಲ್ಲ. ಮಾರನೇ ದಿನ ಬೆಳಗಿನ ಜಾವ 3 ಗಂಟೆ ಆಗಲೇಬೇಕು. ಟೆಂಟ್ ಮುಂದೆನೇ ಬಂದು ನಿಂತ್ರೂ ನೋಡ್ತಾ ಕೂತ್ಕೊಳ್ಳಿ. ಈಜ್ತಾ ಇರೋ ಮೂಸ್‌ಗೂ ಗುಂಡು ಹೊಡೆಯೋ ಹಾಗಿಲ್ಲ.

ಧಾರವಾಡ_ಫೇಡೆ | ಭಾನುವಾರ ಬೆಳಿಗ್ಗೆ 8:30

ನಡಕ ಬಾಯಿ ಹಾಕ್ತೀನ್ರಿ. ಈ ಮೂಸ್ ಅಂದ್ರ ನಮ್ಮ ಕಡವಿಗಿಂತ ದೊಡ್ಡದೇನ್ರಿ?

ಕಕ್ಕಬ್ಬೆ_ಹುಡುಗ | ಭಾನುವಾರ ಬೆಳಿಗ್ಗೆ 8:41

ದೊಡ್ಡ ಗಂಡು ಕಡವೆ 250, 300 ಕಿಲೋ ಸರ್. ಇದು ಅದರ ಎರಡರಷ್ಟು. ಕೊಂಬು ಮೊರದ ಹಾಗೆ ಅಗಲ.

ಧಾರವಾಡ_ಫೇಡೆ | ಭಾನುವಾರ ಬೆಳಿಗ್ಗೆ 8:43

ಅಬ್ಬಬ್ಬಾ. ಅಷ್ಟ್ ಮಾಂಸ ಯಾರ್ ತಿಂತೀರ್ರಿ?

ಜಯನಗರ_4ನೇ_ಬ್ಲಾಕ್ | ಭಾನುವಾರ ಬೆಳಿಗ್ಗೆ 10:10

ಅದೇ ನನ್ನ ಪ್ರಶ್ನೆ. ಒಳ್ಳೆ ಸಂಬಳ ಇರೋರು, ಮಾಂಸ ಬೇಕಾದ್ರೆ ಅಂಗಡೀಲಿ ಸಿಗುತ್ತೆ. ಸಾವಿರಾರು ಡಾಲರ್ ಖರ್ಚು ಮಾಡಿ ತನ್ನ ಪಾಡಿಗೆ ಇರೋ ಪ್ರಾಣಿನ ಕೊಲ್ಲೋಕೆ ಹೋಗೋದಕ್ಕೆ ಕೈಲ್‌ಪೊಳ್ದ್ ಹೆಸರು ಬೇರೆ.

ಕಕ್ಕಬ್ಬೆ_ಹುಡುಗ | ಭಾನುವಾರ ಬೆಳಿಗ್ಗೆ 10:26

ಅಂಗಡಿಯ ಮಾಂಸ ಏನು ಆತ್ಮಹತ್ಯೆ ಮಾಡಿಕೊಂಡು ಬಂದಿದ್ದಾ ಸರ್? ನಾನು ಕದ್ದು ಹೊಡೀತಿಲ್ಲ. ಕಾನೂನು, ಕೋಟಾ, ಲೈಸೆನ್ಸ್ ಎಲ್ಲ ಇದೆ. ಹಬ್ಬದ ವಿಷಯ ನಿಮಗೆ ಗೊತ್ತಿಲ್ಲದಿದ್ರೆ ಬಿಡಿ.

ಫೇರ್‌ಬ್ಯಾಂಕ್ಸ್_ಮಂಡ್ಯ | ಭಾನುವಾರ ಮಧ್ಯಾಹ್ನ 12:05

ಇಬ್ಬರೂ ಸ್ವಲ್ಪ ತಣ್ಣಗಾಗಿ. ಅಲಾಸ್ಕದಲ್ಲಿ ವರ್ಷಕ್ಕೆ 6,000ದಿಂದ 8,000 ಮೂಸ್ ಬೇಟೆ ಆಗುತ್ತೆ, ಅದರಲ್ಲಿ ಬಹುಪಾಲು ಇಲ್ಲಿನವರ ಫ್ರೀಜರ್‌ಗೇ ಹೋಗೋದು. ಜಯನಗರದವರೇ, ರಸ್ತೆ ಇಲ್ಲದ ಹಳ್ಳೀಲಿ ಒಂದು ಡಬ್ಬ ಹಾಲಿನ ಬೆಲೆ ಕೇಳಿದ್ರೆ ಎದೆ ಹಿಡ್ಕೋತೀರಿ. ಇಲ್ಲಿನ ಮೂಲನಿವಾಸಿ ಅಥಾಬಾಸ್ಕನ್ ಜನಕ್ಕೆ ಮೂಸ್ ಅಂದ್ರೆ ಊಟ, ತಿಥಿ, ಹಬ್ಬ ಎಲ್ಲ.

ಆದ್ರೆ ಕಕ್ಕಬ್ಬೆಯವರೇ, ನಿಮಗೂ ಒಂದು ಮಾತು. ಅದೇ ಹಳ್ಳಿಯವರಿಗೆ ಹೊರಗಿನಿಂದ ಬರೋ ರಾಫ್ಟುಗಳ ಮೇಲೆ ಸಿಟ್ಟಿದೆ, ಸುಮ್ಮಸುಮ್ಮನೆ ಅಲ್ಲ. ನನಗೆ ಪಕ್ಕದ ಮನೆಯ ಅಜ್ಜಿ ಹೇಳಿದ್ದು: ನಾಲ್ಕು ಜನ ಎರಡು ಮೂಸ್ ಹೊಡೆದು, ಐದು ದಿನ ಟಾರ್ಪಲ್ ಒಳಗೆ ಗಾಳಿಯಾಡದ ಹಾಗೆ ಸುತ್ತಿ, ಹಸಿರು ಬಣ್ಣಕ್ಕೆ ತಿರುಗಿದ ಮಾಂಸನ ಹಳ್ಳಿಗೆ ತಂದು "ದಾನ" ಅಂತ ಕೊಟ್ಟು ಕೊಂಬು ಹೊತ್ಕೊಂಡು ಹೋದ್ರಂತೆ. ಅಜ್ಜಿ ಅದನ್ನ ನಾಯಿಗೂ ಹಾಕ್ಲಿಲ್ಲ. ಕೊಡೋದಾದ್ರೆ ನೀವೇ ಇಟ್ಕೋಬೇಕು ಅನ್ನಿಸೋ ತುಂಡು ಕೊಡಿ, ಹಸ್ತಾಂತರದ ಫಾರಂ ತುಂಬಿ ಕೊಡಿ. ತಿನ್ನೋ ಮಾಂಸ ಕಾಡಲ್ಲೇ ಬಿಟ್ಟು ಬರೋದು ಇಲ್ಲಿ ಅಪರಾಧ. ಮಾಂಸಕ್ಕಿಂತ ಮೊದಲು ಕೊಂಬು ಹೊರಗೆ ತರೋದೂ ಅಪರಾಧ.

ಜಯನಗರ_4ನೇ_ಬ್ಲಾಕ್ | ಭಾನುವಾರ ಮಧ್ಯಾಹ್ನ 12:40

ಕೊಂಬಿನ ನಿಯಮ ಮೆಚ್ಚಿದೆ. ಉಳಿದಿದ್ದಕ್ಕೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಳಸ_ಕಾಫಿ | ಭಾನುವಾರ ಸಂಜೆ 5:30

ನನ್ನ ಕಥೆ ಹೇಳ್ತೀನಿ, ಉಪಯೋಗ ಆಗಬಹುದು. ಮೂರು ವರ್ಷದ ಹಿಂದೆ ಮೆಕ್‌ಗ್ರಾತ್ ಕಡೆ ಒಂದು ನದಿ. ಹೆಸರು ಕೇಳ್ಬೇಡಿ, ಅಣಬೆ ಏಳೋ ಜಾಗ ಯಾರಾದ್ರೂ ಹೇಳ್ತಾರಾ? ಇಬ್ಬರು, ಒಂದೇ ರಾಫ್ಟ್. ನಾಲ್ಕನೇ ದಿನ ಬೆಳಿಗ್ಗೆ ಮೂಸ್ ಸಿಕ್ತು, ನೀರಿಂದ ನೂರು ಹೆಜ್ಜೆ. ಖುಷಿಯೋ ಖುಷಿ. ಸುಲಿದು ಕೊಯ್ದು ದಡಕ್ಕೆ ತರೋವಷ್ಟರಲ್ಲಿ ಕತ್ತಲು.

ರಾತ್ರಿಯಿಡೀ ಮಳೆ. ಎದ್ದು ನೋಡಿದ್ರೆ ನಾವು ರಾತ್ರಿ ಕಲ್ಲಿಟ್ಟು ಗುರುತು ಮಾಡಿದ್ದ ಜಾಗ ಕಾಣಿಸ್ತಾನೇ ಇಲ್ಲ, ನೀರು ಕಾಫಿ ಬಣ್ಣ. ಒಂದು ದಿನ ಕಾಯಬೇಕಿತ್ತು. ಕಾಯ್ಲಿಲ್ಲ, ವಿಮಾನದವನಿಗೆ ಹೇಳಿದ್ದ ದಿನಕ್ಕೆ ತಲುಪಬೇಕು ಅನ್ನೋ ಹಟ.

ಎರಡನೇ ತಿರುವಲ್ಲಿ ಹೊರಬದಿಯ ದಡ ಕುಸಿದು ಒಂದು ಸ್ಪ್ರೂಸ್ ಮರ ನೀರಿನ ಮೇಲೆ ಅಡ್ಡಡ್ಡ ಮಲಗಿತ್ತು. ಬೇರು ದಡದಲ್ಲೇ ಇದೆ, ಕೊಂಬೆಗಳೆಲ್ಲ ನೀರನ್ನ ಬಾಚ್ತಾ ಇವೆ. ಖಾಲಿ ರಾಫ್ಟಾಗಿದ್ರೆ ಮೂರು ಸಲ ಹುಟ್ಟು ಎಳೆದ್ರೆ ಒಳಬದಿಗೆ ಬರ್ತಿತ್ತು. 300 ಕಿಲೋ ಹೇರಿದ್ದು ಬರ್ಲಿಲ್ಲ. ಪಕ್ಕವಾಗಿ ಹೋಗಿ ಒರಗಿತು, ನೀರು ಬರೋ ಕಡೆಯ ಅಂಚು ನೀರೊಳಗೆ ಹೋಗೋಕೆ ಶುರುವಾಯ್ತು. ಗೆಳೆಯ ಮರದ ಕಡೆಗೆ ಹಾರಿ ಆ ಬದಿಗೆ ತೂಕ ಹಾಕಿದ, ನಾನೂ ಹಾಕ್ದೆ. ಅದರಿಂದ ಮಗುಚಲಿಲ್ಲ. ಆದ್ರೆ ಅಡುಗೆ ಪೆಟ್ಟಿಗೆ, ಒಂದು ಹುಟ್ಟು, ಅವನ ಕೋವಿ ಹೋದ್ವು. ಸ್ಟವ್ವು, ಉಪ್ಪು ಎಲ್ಲ ಪೆಟ್ಟಿಗೇಲಿತ್ತು. ಮುಂದಿನ ಮೂರು ದಿನ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ, ಉಪ್ಪಿಲ್ಲದೆ. ಆಮೇಲೆ ಒಂದು ವರ್ಷ ನಾನು ಊಟಕ್ಕೆ ಕೂತ್ರೆ ಮೊದಲು ಉಪ್ಪು ಎಲ್ಲಿದೆ ಅಂತ ನೋಡ್ತಿದ್ದೆ.

ಅದಕ್ಕೇ ಹೇಳೋದು: ಎರಡು ರಾಫ್ಟ್ ತಗೊಳ್ಳಿ. ಸ್ಯಾಟಲೈಟ್ ಮೆಸೆಂಜರ್, ಲೈಟರ್, ಚಾಕು ಮೈಮೇಲೇ ಇರ್ಲಿ, ಡಬ್ಬೀಲಲ್ಲ. ಹೆಚ್ಚುವರಿ ಹುಟ್ಟು ಇರ್ಲಿ. ತಲುಪೋ ದಿನ ಅಂತ ಗಟ್ಟಿ ಇಟ್ಕೋಬೇಡಿ.

ದಾಂಡೇಲಿ_ಡೇಸ್ | ಭಾನುವಾರ ಸಂಜೆ 5:44

ಮೊದಲು ಹಾಕಿದ ಕಾಮೆಂಟ್ ವಾಪಸ್ ತಗೊಂಡೆ.

ಕಕ್ಕಬ್ಬೆ_ಹುಡುಗ | ಭಾನುವಾರ ಸಂಜೆ 6:10

ಓದಿ ಭಾವ ಸುಮ್ಮನಾಗಿದ್ದಾನೆ. ಲೈಸೆನ್ಸ್ ವಿಷಯ ಯಾರಾದ್ರೂ ಹೇಳಿ, ಮೂವರಿಗೂ ಒಂದೇ ರೇಟಾ?

ಫೇರ್‌ಬ್ಯಾಂಕ್ಸ್_ಮಂಡ್ಯ | ಭಾನುವಾರ ಸಂಜೆ 6:55

ಅಲ್ಲ. ಹೊರರಾಜ್ಯದವರಿಗೆ ಲೈಸೆನ್ಸ್ 160 ಡಾಲರ್, ಮೂಸ್ ಟ್ಯಾಗ್ (ಒಂದು ಮೂಸ್ ಹೊಡೆಯೋಕೆ ತಗೊಳ್ಳೋ ಚೀಟಿ) 800. ಅಮೆರಿಕದಲ್ಲಿ ನೆಲೆಸಿಲ್ಲದ ವಿದೇಶಿ ಪ್ರಜೆ ಅಂತಾದ್ರೆ 630 ಮತ್ತು 1,000. ಮೇಲಿಂದ ಯಾವ ದೊಡ್ಡ ಪ್ರಾಣಿಗೇ ಆದ್ರೂ ಗೈಡ್ ಕಡ್ಡಾಯ, ಅದರ ಖರ್ಚು ಕೇಳಿದ್ರೆ ನಿಮ್ಮ ಗೆಳೆಯ ಹಾಸನಕ್ಕೇ ವಾಪಸ್ ಹೋಗ್ತಾನೆ. ನಿಮಗೆ, ಗ್ರೀನ್ ಕಾರ್ಡ್ ಭಾವನಿಗೆ ಮೂಸ್‌ಗೆ ಗೈಡ್ ಬೇಡ. ಎಚ್-1ಬಿ ಅವರು ಯಾವ ಲೆಕ್ಕಕ್ಕೆ ಬರ್ತಾರೆ ಅಂತ ಇಲಾಖೆಗೆ ಬರೆದು ಬರಹದಲ್ಲೇ ಉತ್ತರ ತಗೊಳ್ಳಿ. ವಾಟ್ಸ್ಆಪ್ ಗುಂಪಿನ ಉತ್ತರ ನ್ಯಾಯಾಲಯದಲ್ಲಿ ನಡೆಯಲ್ಲ. ತಾತ್ಕಾಲಿಕ ವೀಸಾದಲ್ಲಿರೋರು ಕೋವಿ ಮುಟ್ಟೋದೇ ಫೆಡರಲ್ ಕಾನೂನಲ್ಲಿ ನಿಷೇಧ, ಊರ್ಜಿತ ಬೇಟೆ ಲೈಸೆನ್ಸ್ ಇದ್ರೆ ವಿನಾಯಿತಿ. ಫೋಟೋಗೆ ಅಂತ ಕೈಗೆ ಕೊಡ್ಬೇಡಿ.

ಉಪ್ಪಿನಂಗಡಿ_ಟು_ಆಂಕರೇಜ್ | ಭಾನುವಾರ ಸಂಜೆ 7:20

ಹಾಸನದವರಿಗೆ ಹುಟ್ಟು ಕೊಡಿ. ಹುಟ್ಟು ಹಾಕಲಿಕ್ಕೆ, ಅಡುಗೆ ಮಾಡಲಿಕ್ಕೆ ಲೈಸೆನ್ಸ್ ಬೇಡ. ಒಬ್ಬ ಕೋವಿ ಇಲ್ಲದವ ಇರುವುದು ಒಳ್ಳೆಯದೇ, ಅವನಿಗೆ ಹೊಡೆಯುವ ಆತುರ ಇರುವುದಿಲ್ಲ, ಬುದ್ಧಿ ಸರಿ ಇರುತ್ತದೆ.

ಆತುರ ಅಂದಾಗ ನೆನಪಾಯ್ತು. ಹೊರರಾಜ್ಯದವರಿಗೆ ಹೆಚ್ಚಿನ ಕಡೆ 50 ಇಂಚಿನ ಕೊಂಬು ಇರಬೇಕು, ಇಲ್ಲದಿದ್ದರೆ ಒಂದು ಬದಿಯಲ್ಲಾದರೂ ಹಣೆ ಮುಂದಿನ ಕವಲು ಇಷ್ಟು ಅಂತ ಲೆಕ್ಕ, ಕೆಲವು ಕಡೆ ಮೂರು, ಕೆಲವು ಕಡೆ ನಾಲ್ಕು. ಇಳಿಸಂಜೆ ಹೊತ್ತು, ಪೊದೆಯೊಳಗೆ ನಿಂತ ಪ್ರಾಣಿಗೆ ಟೇಪ್ ಹಿಡಿಯುವುದು ಹೇಗೆ? ಎರಡು ಕಣ್ಣಿನ ನಡುವೆ ಸುಮಾರು 10 ಇಂಚು ಅಂತ ಇಟ್ಟುಕೊಂಡು, ಅಂಥ ಐದು ಅಗಲ ಉಂಟಾ ಅಂತ ನೋಡುವುದು. ಎದುರಿಗೆ ಮುಖ ಕೊಟ್ಟಾಗ ಮಾತ್ರ. ಎರಡು ಸಲ ಎಣಿಸಿದ ಮೇಲೂ "ಇರಬಹುದು" ಅನ್ನಿಸಿದರೆ ಅದು 47 ಇಂಚು ಅಂತಲೇ ತಿಳಿಯಿರಿ.

ಧಾರವಾಡ_ಫೇಡೆ | ಭಾನುವಾರ ಸಂಜೆ 7:31

ಮದುವಿಗೆ ಹೆಣ್ಣು ನೋಡಿದ್ಹಾಂಗ ಆತಲ್ರಿ.

ಫೇರ್‌ಬ್ಯಾಂಕ್ಸ್_ಮಂಡ್ಯ | ಭಾನುವಾರ ಸಂಜೆ 7:34

ಫೇಡೆಯವರೇ, ಆ ಪದ್ಧತಿಗೆ ಇನ್ನೂ ಲೈಸೆನ್ಸ್ ಇದೆಯಾ?

ಬಾಳೆಲೆ_ಬಾಣಸಿಗ | ಭಾನುವಾರ ರಾತ್ರಿ 8:50

ಮುಖ್ಯ ವಿಷಯ ಯಾರೂ ಮಾತಾಡ್ತಿಲ್ಲ. ಪಂದಿಕರಿ ಥರ ಮಾಡಬಹುದಾ? ಕ್ಯಾಲ್ಗರಿಯಲ್ಲಿ ಒಬ್ಬರು ಕೊಟ್ಟಿದ್ದ ಮೂಸ್‌ನ ಪಂದಿ ಮಸಾಲೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಮಾಡ್ದೆ. ಮಸಾಲೆ ಚೆನ್ನಾಗಿ ಹಿಡೀತು, ಆದ್ರೆ ಕೊಬ್ಬೇ ಇಲ್ಲ, ನಾರು ನಾರು. ಪಂದಿಯಲ್ಲಿ ಕೊಬ್ಬು ಕರಗಿ ಮಸಾಲೆ ಹೊಳೆಯುತ್ತಲ್ಲ, ಅದು ಬರ್ಲಿಲ್ಲ. ಎರಡನೇ ಸಲ ಕಾಲು ಭಾಗ ಕೊಬ್ಬಿರೋ ಪಂದಿ ಸೇರಿಸಿ ಸಣ್ಣ ಉರೀಲಿ ಮೂರು ಗಂಟೆ ಇಟ್ಟೆ. ಕಡಂಬುಟ್ಟು ಜೊತೆ ಏನು ಹೇಳ್ಲಿ!

ಕಕ್ಕಬ್ಬೆ_ಹುಡುಗ | ಭಾನುವಾರ ರಾತ್ರಿ 8:58

ಅಣ್ಣಾ ಇದಕ್ಕೇ ಕಾಯ್ತಿದ್ದೆ. ಕಾಚಂಪುಳಿ ಬಾಟ್ಲಿ ಒಂದು ಮೈಮೇಲೇ ಇರುತ್ತೆ, ಲೈಟರ್ ಪಕ್ಕ.

ಕಳಸ_ಕಾಫಿ | ಭಾನುವಾರ ರಾತ್ರಿ 9:15

ಬಾಣಸಿಗರೇ, ಮಾಂಸ ಮನೆಗೆ ಬಂದ್ರೆ ತಾನೇ ಕರಿ? ಅಷ್ಟು ದೊಡ್ಡ ಮೈಯಲ್ಲಿ ಶಾಖ ಗಂಟೆಗಟ್ಟಲೆ ಉಳಿಯುತ್ತೆ. ಹೊರಗೆ 5 ಡಿಗ್ರಿ ಇದ್ರೂ ತೊಡೆ ಒಳಗೆ, ಎಲುಬಿನ ಹತ್ತಿರ ಕೈ ಇಟ್ರೆ ಬಿಸಿ ಇರುತ್ತೆ. ಅಲ್ಲಿಂದಲೇ ಕೆಡೋಕೆ ಶುರು. ತಕ್ಷಣ ಚರ್ಮ ಬಿಚ್ಚಿ, ತುಂಡು ಮಾಡಿ, ಗಾಳಿ ಆಡೋ ಬಟ್ಟೆ ಚೀಲಕ್ಕೆ ಹಾಕಿ, ಗಳ ಕಟ್ಟಿ ನೇತು ಹಾಕಿ. ಮೇಲೆ ಮಾತ್ರ ಟಾರ್ಪಲ್, ಸುತ್ತ ಗಾಳಿ. ಒಂದು ರಾತ್ರಿ ಕಳೆದ್ರೆ ಮೇಲೆ ಒಣ ಪದರ ಬರುತ್ತೆ, ಬೆರಳಲ್ಲಿ ತಟ್ಟಿದ್ರೆ ಹಪ್ಪಳ ತಟ್ಟಿದ ಹಾಗೆ. ಅದು ಬಂದ್ರೆ ಅರ್ಧ ಗೆದ್ದಂಗೆ. ರಾಫ್ಟಲ್ಲಿ ಅಡಿಗೆ ವಿಲ್ಲೋ ಕೊಂಬೆ ಹಾಸಿ ಅದರ ಮೇಲಿಡಿ. ನೀರಲ್ಲಿ ಕೂತ್ರೆ ಮುಗೀತು.

ಗಳವನ್ನ ಟೆಂಟಿಂದ ದೂರ, ಕಣ್ಣಿಗೆ ಕಾಣೋ ಬಯಲಲ್ಲಿ ಕಟ್ಟಿ. ಕರಡಿ ಬಂದ್ರೆ ದೂರದಿಂದಲೇ ಗೊತ್ತಾಗಬೇಕು. ಕರಡಿ ಸ್ಪ್ರೇ, ಗ್ಯಾಸ್ ಡಬ್ಬಿ ಎರಡನ್ನೂ ಸಿಯಾಟಲ್‌ನಿಂದ ತರೋಕೆ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಂಡ್ಕೊಳ್ಳಿ.

ಉಪ್ಪಿನಂಗಡಿ_ಟು_ಆಂಕರೇಜ್ | ಭಾನುವಾರ ರಾತ್ರಿ 9:40

ಕಳಸದವರು ಹೇಳಿದ್ದು ನೂರಕ್ಕೆ ನೂರು. ಒಂದು ಸೇರಿಸುತ್ತೇನೆ. ದಿನಕ್ಕೆ 25 ಕಿ.ಮೀ. ಅಂತ ಬರೆದಿದ್ದೀರಲ್ಲ, ಅದು ಪ್ರವಾಸ, ಬೇಟೆ ಅಲ್ಲ. ಮೂಸ್ ಇರುವುದು ನದಿಯ ಹಳೇ ಕವಲು, ಕೆರೆಯ ಹಾಗೆ ನಿಂತ ನೀರು, ವಿಲ್ಲೋ ಪೊದೆ ಇರುವಲ್ಲಿ. ಒಂದು ಒಳ್ಳೆ ಜಾಗದಲ್ಲಿ ಮೂರು ದಿನ ಕೂತು ಹೆಣ್ಣಿನ ದನಿಯಲ್ಲಿ ಕೂಗಬೇಕು, ಒಣ ಎಲುಬಿನಿಂದ ಪೊದೆ ಕೆರೆಯಬೇಕು. ಇನ್ನೊಂದು ಗಂಡು ಬಂದಿದೆ ಅಂತ ಅದು ತಿಳಿದು ಬರಬೇಕು. ಇವತ್ತು ಕೂಗಿದರೆ ನಾಡಿದ್ದು ಬರುವುದೂ ಉಂಟು, ನೀವು ಅಷ್ಟರಲ್ಲಿ 50 ಕಿ.ಮೀ. ಕೆಳಗೆ.

ಕೆಳಭಾಗದಲ್ಲಿ ನದಿ ಅಗಲವಾಗಿ, ನೀರು ಮಲಗಿದ ಹಾಗೆ ಇರುತ್ತದೆ. ಎದುರುಗಾಳಿ ಬಂದರೆ ರಾಫ್ಟ್ ಹಿಂದಕ್ಕೆ ಹೋಗುತ್ತದೆ. ತಮಾಷೆಯಲ್ಲ, ನಾನು ಒಂದು ಮಧ್ಯಾಹ್ನವಿಡೀ ಹುಟ್ಟು ಹಾಕಿ ಅದೇ ಬಿಳಿ ಬಂಡೆಯನ್ನು ನೋಡುತ್ತಾ ಕೂತಿದ್ದೆ.

ಕಕ್ಕಬ್ಬೆ_ಹುಡುಗ | ಸೋಮವಾರ ರಾತ್ರಿ 9:05

ಮೂವರೂ ಕೂತು ಮಾತಾಡಿದ್ವಿ. ಹೊಸ ಪ್ಲಾನ್. ಕೊಯುಕುಕ್ ಕೈಬಿಟ್ಟೆವು. ನದಿ ಹೆಸರು ಈಗ ಹೇಳಲ್ಲ (ಕಳಸ ಅಣ್ಣನ ಅಣಬೆ ನಿಯಮ). ಒಂದೇ ಮೂಸ್. ಎರಡು ರಾಫ್ಟ್. ಒಟ್ಟು 70 ಕಿ.ಮೀ., 12 ದಿನ, ಮೇಲೆ ಮೂರು ದಿನ ಹವಾಮಾನಕ್ಕೆ. ಹಾಸನದವನು ಹುಟ್ಟು ಮತ್ತು ಅಡುಗೆ, ಕೋವಿ ಮುಟ್ಟಲ್ಲ. ಭಾವ ಈ ವರ್ಷ ಟ್ಯಾಗ್ ತಗೊಳ್ಳಲ್ಲ, ಹೊರೋಕೆ ಬರ್ತಾನೆ. ಹಾಗಂತ ಅವನು ಇನ್ನೂ ಒಪ್ಪಿಲ್ಲ, ಅವನ ಹೆಂಡತಿ ಒಪ್ಪಿದ್ದಾಳೆ.

ಮೇ ತಿಂಗಳಿಂದ ನಮ್ಮ ಕಡೆಯ ಸ್ಕ್ಯಾಜಿಟ್ ನದೀಲಿ ತೂಕ ಹೇರಿ ರಾಫ್ಟ್ ಓಡಿಸಿ ಅಭ್ಯಾಸ. ತೂಕಕ್ಕೆ ಸೋನಾ ಮಸೂರಿ ಚೀಲ ಹಾಕೋಣ ಅಂತ ಹಾಸನದವನ ಐಡಿಯಾ, ಲೆಕ್ಕ ಹಿಡಿಯೋಕೆ ಸುಲಭ ಅಂತೆ.

ಉಪ್ಪಿನಂಗಡಿ_ಟು_ಆಂಕರೇಜ್ | ಸೋಮವಾರ ರಾತ್ರಿ 9:12

ಅಕ್ಕಿ ಬೇಡ ಮಾರಾಯ್ರೆ, ನೆನೆದರೆ ನದಿಯಿಡೀ ಗಂಜಿ. ನೀರಿನ ಕ್ಯಾನ್ ಹಾಕಿ.

ಫೇರ್‌ಬ್ಯಾಂಕ್ಸ್_ಮಂಡ್ಯ | ಸೋಮವಾರ ರಾತ್ರಿ 9:20

ಫೇರ್‌ಬ್ಯಾಂಕ್ಸ್‌ನಲ್ಲಿ ಒಂದು ರಾತ್ರಿ ನಮ್ಮನೇಲಿ ಉಳ್ಕೊಳ್ಳಿ. ಮುದ್ದೆ ಇರುತ್ತೆ. ವಾಪಸ್ ಬರುವಾಗ ಬೆನ್ನಿನ ಮಾಂಸ ಒಂದು ತುಂಡು ನನ್ನ ಪಕ್ಕದ ಮನೆ ಅಜ್ಜಿಗೆ.

ದಾಂಡೇಲಿ_ಡೇಸ್ | ಸೋಮವಾರ ರಾತ್ರಿ 9:26

ಹೊರೋಕೆ ಇನ್ನೊಬ್ಬ ಬೇಕಾದ್ರೆ ಹೇಳಿ, ಬರ್ತೀನಿ. ಚಿತ್ರಾನ್ನ ನಾನೇ ಕಟ್ಕೊಂಡು ಬರ್ತೀನಿ.